ಸೀಲಣ್ಣನ ನಾಲಿಗೆ

ಆ ಊರಿನ ನೀರಿಗೆ ಬಣ್ಣವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ರುಚಿ ಇರಲಿಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ನಲ್ಲಿಯಲ್ಲಿ ಬರುವುದು ಉಪ್ಪುಪ್ಪು. ಶಾಲೆಯ ಪಕ್ಕದ ಬೋರಿನದು ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ವಾರಕ್ಕೊಮ್ಮೆ ಬರುವ ಟ್ಯಾಂಕರಿನ ನೀರು ಹೇಗಿರುತ್ತಿತ್ತೆಂದರೆ, ಕುಡಿದವರು ಅದರ ಬಗ್ಗೆ ಚರ್ಚೆ ಮಾಡದೆ ಸುಮ್ಮನೆ ತಮ್ಮ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮಳೆ ಎಂಬುದು ಅಲ್ಲಿ ವರ್ಷಕ್ಕೆ ನಾಲ್ಕೈದು ಸಲ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ದೂರದ ನೆಂಟ. ನೀರು ಕಾಯಿಸುವ ಪಾತ್ರೆಗಳ ಒಳಗೆ ಬಿಳಿ ಪೊರೆ ಕಟ್ಟಿಕಟ್ಟಿ, ಐದು ಲೀಟರಿನ ಪಾತ್ರೆ ಕೆಲವೇ ವರ್ಷಗಳಲ್ಲಿ ನಾಲ್ಕು ಲೀಟರಿನದಾಗುತ್ತಿತ್ತು. ದೊಡ್ಡವರು ಮಂಡಿ ಹಿಡಿದುಕೊಂಡು ಏಳುತ್ತಿದ್ದರು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಫೋಟೊ ತೆಗೆಯುವವನು ನಗಿ ಎಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು.

ಇಂಥ ಊರಿನಲ್ಲಿ, ಪುರಸಭೆ ಕಚೇರಿಯ ಗೋಡೆಗೆ ಬೆನ್ನು ಕೊಟ್ಟು ಕೂತ ಒಂದು ಸಣ್ಣ ಅಂಗಡಿಯಲ್ಲಿ ರಬ್ಬರ್ ಸ್ಟಾಂಪ್ ಮಾಡುತ್ತಿದ್ದವನನ್ನು ಎಲ್ಲರೂ ಸೀಲಣ್ಣ ಎನ್ನುತ್ತಿದ್ದರು. 'ಮಂಜೂರಾಗಿದೆ', 'ತಿರಸ್ಕರಿಸಲಾಗಿದೆ', 'ನಾಳೆ ಬನ್ನಿ' ಎಲ್ಲವೂ ಅವನ ಕೈಯಲ್ಲೇ ಹುಟ್ಟಿ ಆಚೆ ಹೋಗಿ ಜನರ ಹಣೆಬರಹ ಬರೆಯುತ್ತಿದ್ದವು. ಅವನನ್ನು ಮಾತ್ರ ನಲವತ್ತೆಂಟು ವರ್ಷಗಳಲ್ಲಿ ಯಾರೊಬ್ಬರೂ ಯಾವ ವಿಷಯಕ್ಕೂ ಅಭಿಪ್ರಾಯ ಕೇಳಿರಲಿಲ್ಲ. ಮನೆಗೆ ಪರದೆ ತರುವಾಗಲೂ ಹೆಂಡತಿ ಕೇಳಿದ್ದು, "ಹಸಿರು ತಂದಿದೀನಿ, ಚೆನ್ನಾಗಿದೆ ಅಲ್ವಾ?" ಎಂದು. ಅದನ್ನು ಪ್ರಶ್ನೆ ಎನ್ನಲಾಗದು.

ಆಗ ಬಂದ ಭಾವಮೈದುನ.

ಅವನು ದೂರದ ತಂಪಾದ ಊರೊಂದರಲ್ಲಿ ಹೋಟೆಲ್ ಮ್ಯಾನೇಜರ್. ಅಕ್ಕನ ಮನೆಗೆ ಬರುವಾಗ ಬಟ್ಟೆಯ ಚೀಲಕ್ಕಿಂತ ಮೊದಲು ನೀರಿನ ಕ್ಯಾನ್ ಇಳಿಸುತ್ತಿದ್ದ. ಅಂದು ಅಕ್ಕ ಮರೆತು ಮನೆಯ ನೀರನ್ನೇ ಲೋಟಕ್ಕೆ ಹಾಕಿಕೊಟ್ಟಳು. ಅವನು ಒಂದು ಗುಟುಕು ಕುಡಿದು, ಕಿಟಕಿಯ ಬಳಿ ಹೋಗಿ, ಹೂಕುಂಡಕ್ಕೆ ಉಗಿದು, ಆಮೇಲೆ ಹೂಗಿಡಕ್ಕೆ 'ಸಾರಿ' ಎಂದ.

"ಭಾವ, ತಪ್ಪು ತಿಳ್ಕೋಬೇಡಿ. ಇದನ್ನ ನೀವು ಕುಡೀತೀರೋ ಅಥವಾ ಗೋಡೆಗೆ ಬಳೀತೀರೋ?"

ಸೀಲಣ್ಣನಿಗೆ ಮೈ ಉರಿಯಿತು. ಮೈ ಉರಿದಾಗ ಮನುಷ್ಯ ನಿಜ ಹೇಳುವುದು ಕಡಿಮೆ.

"ನೋಡು, ಬಾಯಿಗೆ ಸುರ್ಕೊಂಡು ನುಂಗೋದಕ್ಕೆ ಕುಡಿಯೋದು ಅನ್ನಲ್ಲ. ನೀರನ್ನ ಅರ್ಥ ಮಾಡ್ಕೋಬೇಕು. ನನಗೆ ಕಣ್ಣು ಕಟ್ಟಿ ಒಂದು ಗುಟುಕು ಕೊಡು, ಯಾವ ಬಾವಿದು, ಎಷ್ಟು ಅಡಿ ಆಳದ್ದು ಅಂತ ಹೇಳ್ತೀನಿ."

"ರೀ!" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಭಾವಮೈದುನ ಟವೆಲ್ ಹಿಡಿದು ಭಾವನ ಹಿಂದೆ ನಿಂತಾಗಿತ್ತು. ಯಾರು ಏನು ಹೇಳಿದರೂ ತಕ್ಷಣ ನಂಬುವ ಜಾತಿಯ ಮನುಷ್ಯ ಅವನು. ಅಂಥವರ ಎದುರು ಬಡಾಯಿ ಕೊಚ್ಚುವುದು ಅಪಾಯಕಾರಿ.

ಮೂರು ಲೋಟ ಬಂದವು. ಮೊದಲನೆಯದರಲ್ಲಿ ಬಿಳಿ ಚಕ್ಕೆಯೊಂದು ತುಟಿಗೆ ಅಂಟಿತು. "ನಮ್ಮನೆ ನಲ್ಲಿದು" ಎಂದ. ಎರಡನೆಯದನ್ನು ಮೂಗಿನ ಬಳಿ ತಂದರೆ ಸಾಕು, ಸತ್ತ ಕಬ್ಬಿಣ. "ಶಾಲೆ ಬೋರು."

"ಎಷ್ಟು ಅಡಿ, ಭಾವ?"

"ಮುನ್ನೂರ ನಲವತ್ತೆರಡು."

ಅದು ಎಷ್ಟು ಅಡಿ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಉತ್ತರ ಸರಿಯಾಯಿತು. ಮೂರನೆಯ ಲೋಟದ ನೀರು ಮಾತ್ರ ಗಂಟಲಲ್ಲಿ ದಾರಿ ತಪ್ಪಿತು. ಸೀಲಣ್ಣ ಕೆಮ್ಮಿ, ಉಸಿರು ಸಿಗದೆ, ಒರೆಸಿಕೊಳ್ಳಲು ಏನಾದರೂ ಕೊಡಿ ಎಂಬಂತೆ ಕೈ ಚಾಚಿದ. ಕೈ ಮೂಲೆಯ ಕಡೆ ಹೋಯಿತು. ಮೂಲೆಯಲ್ಲಿ ಭಾವಮೈದುನನ ಕ್ಯಾನ್ ಇತ್ತು.

"ಅಕ್ಕಾ! ಬಾಯಿ ಬಿಡದೆ ಬೆರಳು ತೋರಿಸಿಬಿಟ್ರು! ನನ್ನ ಕ್ಯಾನ್ ನೀರೇ ಅದು!"

ಸೀಲಣ್ಣ ಟವೆಲ್ ಬಿಚ್ಚಿ ಸುತ್ತ ನೋಡಿದ. ಏನು ನಡೆಯಿತೆಂದು ಅರ್ಥವಾಗದಿದ್ದರೂ, ಗೆದ್ದ ಮುಖ ಮಾಡಬೇಕು ಎಂಬಷ್ಟು ಅರ್ಥವಾಯಿತು.

ಭಾವಮೈದುನ ಎರಡು ದಿನ ಇದ್ದು ಹೊರಟ. ಅಷ್ಟರಲ್ಲಿ ಬೀದಿಯ ಟೈಲರ್, ಸಿಮೆಂಟ್ ಅಂಗಡಿಯವರು, ಬಸ್ ನಿಲ್ದಾಣದಲ್ಲಿ ಪಕ್ಕ ಕೂತವರು, ಹೀಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. ಮಾರನೆಯ ದಿನ ಸೀಲಣ್ಣ ಅಂಗಡಿಯ ಬಾಗಿಲು ತೆಗೆದರೆ ಎದುರಿಗೆ ಹದಿನಾಲ್ಕು ಬಾಟಲಿ, ಹದಿನಾಲ್ಕು ಬಾಟಲಿಗಳ ಹಿಂದೆ ಹದಿನಾಲ್ಕು ಮುಖ. ಸಾಲಿನ ಮೊದಲಲ್ಲಿ ಟೀಚರಮ್ಮ.

ಟೀಚರಮ್ಮ ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು. ದನಿ ಮಾತ್ರ ನಿವೃತ್ತವಾಗಿರಲಿಲ್ಲ. ಊರಿಗೆ ಶುದ್ಧ ನೀರಿನ ಘಟಕ ಬೇಕೆಂದು ಅಷ್ಟೂ ವರ್ಷ ಬಿಡದೆ ಅರ್ಜಿ ಬರೆದವರು ಅವರೇ. ನಲವತ್ತೊಂದು ಅರ್ಜಿ. ನಲವತ್ತರ ಮೇಲೂ ಸೀಲಣ್ಣನೇ ಮಾಡಿದ 'ಪರಿಶೀಲನೆಯಲ್ಲಿದೆ' ಎಂಬ ಮೊಹರು ಬಿದ್ದಿತ್ತು. ನಲವತ್ತೊಂದನೆಯದಕ್ಕೆ ಮಾತ್ರ ಹೊಸದಾಗಿ ಬಂದ ಮುಖ್ಯಾಧಿಕಾರಿ ಮೇಡಂ ಸಹಿ ಹಾಕಿದ್ದರು. ಬಸ್ ನಿಲ್ದಾಣದ ಹಿಂದೆ ಘಟಕದ ಕಟ್ಟಡವೂ ಎದ್ದಿತ್ತು.

"ನೋಡಪ್ಪ, ಕುಡಿದು ಹೇಳು. ಬರ್ಕೋತೀನಿ" ಎಂದು ಟೀಚರಮ್ಮ ನೋಟ್ ಪುಸ್ತಕ ತೆಗೆದರು.

ಸೀಲಣ್ಣ ಕುಡಿದ. ಬಾಯಿಗೆ ಬಂದದ್ದು ಹೇಳಿದ. "ಈ ನೀರು... ಬೇಜಾರಲ್ಲಿದೆ."

ಟೀಚರಮ್ಮ ಬರೆದುಕೊಂಡರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರನ ಬಾಟಲಿಗೆ "ಇದು ತುಂಬಾ ದೂರದಿಂದ ನಡ್ಕೊಂಡು ಬಂದಿದೆ" ಎಂದ. ಸಿಮೆಂಟ್ ಅಂಗಡಿಯವರದಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಅವರು ಮನೆಗೆ ಹೋಗಿ ಸಂಪು ತೊಳೆಸಿದರು.

"ಅದೆಲ್ಲ ಸರಿ, ಕುಡೀಬಹುದಾ ಬೇಡವಾ?" ಎಂದು ಟೀಚರಮ್ಮ ಪಟ್ಟು ಹಿಡಿದರು. ಸೀಲಣ್ಣನಿಗೆ ತಪ್ಪಿಸಿಕೊಳ್ಳುವ ದಾರಿ ಬೇಕಿತ್ತು. ಕೈಗೆ ಸಿಕ್ಕ ಸ್ಟಾಂಪನ್ನು ಒಂದು ಚೀಟಿಯ ಮೇಲೆ ಒತ್ತಿ ಬಾಟಲಿಗೆ ಅಂಟಿಸಿಕೊಟ್ಟ. 'ಪರಿಶೀಲಿಸಲಾಗಿದೆ' ಎಂದಿತ್ತು. ಪರಿಶೀಲಿಸಿದ್ದೇನೋ ನಿಜವೇ. ಏನು ತಿಳಿಯಿತು ಎಂದು ಅದರಲ್ಲಿ ಇರಲಿಲ್ಲ. ಸರ್ಕಾರದ ಮೊಹರುಗಳ ಮರ್ಮವೇ ಅದು.

ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ. ನಾಲ್ಕೇ ದಿನಕ್ಕೆ ಆ ಚೀಟಿ ಇಲ್ಲದ ಬಾಟಲಿಯನ್ನು ನೆಂಟರ ಮುಂದಿಡಲು ಜನ ನಾಚಿಕೊಳ್ಳುವಂತಾಯಿತು. ಟೈಲರನ ಹೆಂಡತಿ ಅಂಗಡಿಗೇ ಬಂದು ಜಗಳ ತೆಗೆದಳು.

"ಎಲ್ಲರದ್ದೂ ನೆಟ್ಟಗಿದೆ, ನಮ್ಮ ಬಾಟಲಿ ಮೇಲೆ ಸೀಲು ತಲೆಕೆಳಗಾಗಿದೆ. ನಮ್ಮ ನೀರು ಏನು ಪಾಪ ಮಾಡಿದೆ?"

"ಅದು... ತಲೆಕೆಳಗಿದ್ರೆ ಎರಡು ಸಲ ಸೋಸಿ ಕುಡೀಬೇಕು ಅಂತ."

ಅಂದಿನಿಂದ ಆ ಬೀದಿಯಲ್ಲಿ ಸೀಲು ಓರೆಯಾದರೆ ಒಂದು ಸಲ, ತಲೆಕೆಳಗಾದರೆ ಎರಡು ಸಲ ಸೋಸುವ ಪದ್ಧತಿ ಬಂತು.

ಹೀಗೆ ಸೀಲು ಬಿದ್ದ ಬಾಟಲಿಯೊಂದು ಪುರಸಭೆಯ ಅಟೆಂಡರನ ಕೈಯಲ್ಲಿ ಮುಖ್ಯಾಧಿಕಾರಿ ಮೇಡಂ ಮೇಜಿನ ಮೇಲೆ ಕೂತಿತು. ಮೇಡಂ ಓದಿ ಕೇಳಿದರು, "ಇದು ಯಾವ ಲ್ಯಾಬು?"

"ಹಿಂದಿಂದು, ಮೇಡಂ" ಎಂದ ಅಟೆಂಡರ್, ಹಿಂದಿನ ಗೋಡೆ ತೋರಿಸಿ.

ಮೇಡಂ ಊರಿಗೆ ಹೊಸಬರು. ಕಚೇರಿಯ ಹಿಂದೆ ಒಂದು ಲ್ಯಾಬ್ ಇರುವುದು ಇಷ್ಟು ದಿನ ತಮಗೇ ಗೊತ್ತಿಲ್ಲದ್ದಕ್ಕೆ ನಾಚಿಕೆಪಟ್ಟು, ಹೆಚ್ಚು ಕೇಳಲಿಲ್ಲ. "ಸೋಮವಾರ ಘಟಕದ ಉದ್ಘಾಟನೆ ಇದೆಯಲ್ಲ, ಮೊದಲ ಲೋಟ ಅವರೇ ಕುಡಿದು ಹೇಳಲಿ" ಎಂದು ಬರೆಸಿದರು.

ಆ ಕಾಗದ ಸೀಲಣ್ಣನ ಕೈ ಸೇರಿ ಎರಡು ದಿನಕ್ಕೆ ಘಟಕ ಕಟ್ಟಿದ ಕಂಟ್ರಾಕ್ಟರನ ಕಣ್ಣಿಗೂ ಬಿತ್ತು. ಅವನು ಓಡಿಬಂದ. ದಪ್ಪ ಮನುಷ್ಯ. ನಿಂತರೆ ಅಂಗಡಿಗೆ ಬೆಳಕು ಬರುತ್ತಿರಲಿಲ್ಲ.

"ಒಂದು ಸ್ಟಾಂಪ್ ಬೇಕಿತ್ತು. 'ಗುಣಮಟ್ಟ ಪರೀಕ್ಷೆಯಲ್ಲಿ ಉತ್ತೀರ್ಣ' ಅಂತ."

"ಪರೀಕ್ಷೆ ಆಯ್ತಾ?"

"ಸ್ಟಾಂಪ್ ರೆಡಿಯಾದ್ರೆ ಆದಂಗೇ." ಆಮೇಲೆ ಕಂಟ್ರಾಕ್ಟರ್ ದನಿ ತಗ್ಗಿಸಿದ. "ಅಣ್ಣ, ನೇರವಾಗಿ ಕೇಳ್ತೀನಿ. ನಿಮ್ಮ ಹಿಂದೆ ಯಾರಿದ್ದಾರೆ?"

ಸೀಲಣ್ಣ ತಿರುಗಿ ನೋಡಿದ. "ಗೋಡೆ."

"ಗೋಡೆ ಹಿಂದೆ?"

"ಪುರಸಭೆ."

ಕಂಟ್ರಾಕ್ಟರ್ ಸ್ಟೂಲು ಎಳೆದುಕೊಂಡು ಕೂತ. "ಅಂದ್ರೆ... ಮೇಡಂ ಪರಿಚಯ ಇದೆ."

"ನೋಡಿಲ್ಲ. ಅವರ ಸಹಿ ಮಾತ್ರ ನಾನೇ ಮಾಡೋದು." ಸಹಿಯ ಸ್ಟಾಂಪು ಎಂದು ಹೇಳಲು ಅವನಿಗೆ ತೋಚಲಿಲ್ಲ. ಅವನ ಪಾಲಿಗೆ ಸಹಿ ಎಂದರೆ ರಬ್ಬರೇ.

ಕಂಟ್ರಾಕ್ಟರನ ಮುಖ ಅಂಗಡಿಯ ಬಿಳಿ ಕಾಗದದ ಬಣ್ಣಕ್ಕೆ ತಿರುಗಿತು. ಸೀಲಣ್ಣನ ಎರಡೂ ಕೈ ಹಿಡಿದುಕೊಂಡ. "ಅಣ್ಣ, ನನಗೂ ಸಂಸಾರ ಇದೆ. ಸೋಮವಾರ ನೀವು ಒಂದು ಗುಟುಕು ಕುಡಿದು ಒಂದೇ ಒಂದು ಮಾತು ಹೇಳಿ. 'ಅಮೃತ.' ಮೂರೇ ಅಕ್ಷರ. ಹೇಳ್ತೀರಾ?"

ಏನು ಹೇಳಬೇಕೋ ಎಂದು ಎರಡು ದಿನದಿಂದ ಊಟ ಬಿಟ್ಟಿದ್ದ ಸೀಲಣ್ಣನಿಗೆ ಹೋದ ಜೀವ ಬಂದಂತಾಯಿತು. ಪರೀಕ್ಷೆಗೆ ಮುಂಚೆಯೇ ಉತ್ತರ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ? "ಅಯ್ಯೋ, ಅದಕ್ಕೇನಂತೆ" ಎಂದ.

ಆ ನೆಮ್ಮದಿ ಸಂಜೆಯವರೆಗೂ ಬಾಳಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಟೀಚರಮ್ಮ ಬಂದು ಸ್ಟೂಲಿನ ಮೇಲೆ ಕೂತರು. ಮಂಡಿ ಸವರಿಕೊಂಡರು. ಅಂದು ನೋಟ್ ಪುಸ್ತಕ ತಂದಿರಲಿಲ್ಲ.

"ಸೋಮವಾರ ನೀನೇ ಹೇಳೋದಂತೆ. ಒಳ್ಳೇದಾಯ್ತು. ನನ್ನ ಕ್ಲಾಸಲ್ಲಿ ಮೂವತ್ತು ವರ್ಷ ಮಕ್ಕಳು ಬಾಯಿ ಮುಚ್ಕೊಂಡು ನಕ್ಕಿದ್ದನ್ನ ನೋಡಿದೀನಪ್ಪ. ಅದಕ್ಕೇ ಅಷ್ಟು ಅರ್ಜಿ ಬರೆದಿದ್ದು. ನೀರು ಸರಿಯಿದ್ರೆ ಸರಿಯಿದೆ ಅನ್ನು. ಇಲ್ಲ ಅಂದ್ರೆ ಇಲ್ಲ ಅನ್ನು. ನನ್ನ ಮುಖ ನೋಡಬೇಡ, ಯಾರ ಮುಖಾನೂ ನೋಡಬೇಡ."

ಸೀಲಣ್ಣ "ಹ್ಞೂಂ" ಎಂದ. ಹೀಗೆ ಒಂದೇ ದಿನ ಒಂದೇ ಸ್ಟೂಲಿನ ಮೇಲೆ ಕೂತ ಇಬ್ಬರಿಗೆ ಎರಡು ಮಾತು ಕೊಟ್ಟುಬಿಟ್ಟ.

ಸೋಮವಾರ ಬೆಳಗ್ಗೆ ಎದ್ದರೆ ಮೂಗು ಕಟ್ಟಿತ್ತು. ಎಂಥ ನೆಗಡಿಯೆಂದರೆ, 'ಅಮ್ಮ' ಎಂದರೆ 'ಅಬ್ಬ' ಎಂದು ಕೇಳುತ್ತಿತ್ತು. ಹೆಂಡತಿ ಚಹಾ ಕೊಟ್ಟಳು. ಸೀಲಣ್ಣ ಪೂರ್ತಿ ಕುಡಿದು, ಚೆನ್ನಾಗಿದೆ ಎಂದ.

"ಎರಡು ಚಮಚ ಉಪ್ಪು ಹಾಕಿದ್ದೆ" ಎಂದಳು ಹೆಂಡತಿ.

"ಯಾಕೆ!"

"ಗೊತ್ತಾಗುತ್ತಾ ಅಂತ ನೋಡೋಕೆ. ರೀ, ನನ್ನ ಮಾತು ಕೇಳಿ. ನೆಗಡಿ, ಬರೋಕಾಗಲ್ಲ ಅಂತ ಹೇಳಿ ಕಳಿಸಿ."

ಅಷ್ಟರಲ್ಲಿ ಬಾಗಿಲ ಬಳಿ ಗದ್ದಲ. ಭಾವಮೈದುನ ಹೋಟೆಲಿನ ಮೂವರು ಗೆಳೆಯರನ್ನು ಕಟ್ಟಿಕೊಂಡು ಮೊದಲ ಬಸ್ಸಿಗೇ ಬಂದಿಳಿದಿದ್ದ. "ಇವರೇ ನಮ್ಮ ಭಾವ! ಬಾಯಿ ನೋಡ್ಕೊಳ್ರೋ, ಇದೇ ಬಾಯಿ!" ಮೂವರೂ ಬಗ್ಗಿ ಬಾಯಿ ನೋಡಿದರು. ಇನ್ನು ನೆಗಡಿಯ ಮಾತೆಲ್ಲಿ ಬಂತು.

ಘಟಕದ ಮುಂದೆ ಪೆಂಡಾಲ್ ಹಾಕಿತ್ತು. ಒಳಗೆ ನೀಲಿ ಗೋಡೆ, ಮಿರಿಮಿರಿ ಮಿಂಚುವ ಸ್ಟೀಲಿನ ಮಷೀನು, ಅದರ ಮೈಮೇಲೆ ಆಳುದ್ದದ ಬಿಳಿ ಕೊಳವೆಗಳು, ಹಸಿರು ದೀಪ, ಸಣ್ಣಗೆ ಗುಂಯ್‌ಗುಡುವ ಮೋಟಾರು. ಹೊರಗೋಡೆಯಲ್ಲಿ ನಾಲ್ಕು ನಲ್ಲಿ. ಮೈಕಿನ ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಮೇಜು, ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹೊಸ ನಲ್ಲಿಯಿಂದ ಹಿಡಿದ ಒಂದು ಲೋಟ ನೀರು. ಕಂಟ್ರಾಕ್ಟರ್ ದೂರದಿಂದಲೇ ಮೂರು ಬೆರಳು ಎತ್ತಿ ತೋರಿಸಿದ. ಮೂರು ಅಕ್ಷರ. ಮುಂದಿನ ಸಾಲಿನಲ್ಲಿ ಟೀಚರಮ್ಮ ಕನ್ನಡಕ ಒರೆಸಿ ಹಾಕಿಕೊಂಡರು.

"ಈಗ ನಮ್ಮ ಲ್ಯಾಬಿನವರು ನೀರನ್ನು ಪರೀಕ್ಷಿಸುತ್ತಾರೆ" ಎಂದು ಮೇಡಂ ಮೈಕಿನಲ್ಲಿ ಹೇಳಿದರು. ಚಪ್ಪಾಳೆ. ಲೋಟ ಸೀಲಣ್ಣನ ಮುಂದೆ ಬಂತು.

ಕುಡಿದರೆ ಏನೂ ತಿಳಿಯದು. ಅಮೃತ ಎಂದರೆ ಟೀಚರಮ್ಮನಿಗೆ ಕೊಟ್ಟ ಮಾತು ಹೋಯಿತು. ಬೇರೆ ಏನೆಂದರೂ ಕಂಟ್ರಾಕ್ಟರನ ಸಂಸಾರ ಹೋಯಿತು. ಮೂಗು ಬೇರೆ ಸೋರುತ್ತಿತ್ತು. ಎರಡು ನಿಮಿಷ ಸಿಕ್ಕರೆ ಏನಾದರೂ ಹೊಳೆಯಬಹುದೆಂದು ಸೀಲಣ್ಣ ಹೇಳಿದ:

"ಬೊದಲು ಕೈ ತೊಳೀಬೇಕು."

ಮೊದಲು ಎಂದು ಜನ ಅರ್ಥ ಮಾಡಿಕೊಂಡರು. "ಎಷ್ಟು ಶುಚಿ ನೋಡಿ!" ಎಂದರು ಹಿಂದಿನಿಂದ. ಕಂಟ್ರಾಕ್ಟರ್ ಬಕೆಟ್ ತರಿಸಲು ಓಡಿದ. ಟೀಚರಮ್ಮ ಕೂತಲ್ಲಿಂದಲೇ, "ಬಕೆಟ್ ಯಾಕೆ? ನಾಲ್ಕು ಹೊಸ ನಲ್ಲಿ ಇವೆಯಲ್ಲ, ಅಲ್ಲೇ ತೊಳೀಲಿ" ಎಂದರು. ಯಾರೋ ಹೊಸ ಸೋಪು ಬಿಚ್ಚಿ ಕೊಟ್ಟರು.

ಸೀಲಣ್ಣ ನಲ್ಲಿ ತಿರುಗಿಸಿ ಸೋಪು ತಿಕ್ಕಿದ. ಎಷ್ಟು ಹೊತ್ತು ತಿಕ್ಕಿದರೆ ಅಷ್ಟು ಹೊತ್ತು ಅಮೃತ ದೂರ ಎಂದು ಇನ್ನೂ ತಿಕ್ಕಿದ. ಅಂಗೈ ತಿಕ್ಕಿದ, ಮುಂಗೈ ತಿಕ್ಕಿದ, ಮೊಣಕೈವರೆಗೂ ಹೋದ. ನೊರೆ ಬರಲಿಲ್ಲ. ಮೊಸರು ಒಡೆದಂಥ ಬಿಳಿ ಗಸಿ ಕೈಗೆ ಮೆತ್ತಿಕೊಂಡಿತು, ಅಷ್ಟೆ. ಎಲ್ಲ ಚಿಂತೆಯನ್ನೂ ಮರೆತು ಅವನು ಸೋಪನ್ನೇ ತಿರುಗಿಸಿ ನೋಡಿದ.

"ಇದೇನು, ಸೋಪೋ ಕಲ್ಲೋ? ನೊರೆನೇ ಬರ್ತಿಲ್ಲ!"

ಮೈಕು ಹತ್ತಿರದಲ್ಲೇ ಇತ್ತು. ಮಾತು ಬಸ್ ನಿಲ್ದಾಣದವರೆಗೆ ಕೇಳಿಸಿತು.

ಟೀಚರಮ್ಮ ಎದ್ದು ನಿಂತರು, ಮಂಡಿ ಹಿಡಿಯದೆ. "ಏಳನೇ ಕ್ಲಾಸಿನ ಪಾಠ! ಗಡಸು ನೀರಲ್ಲಿ ಸೋಪಿಗೆ ನೊರೆ ಬರಲ್ಲ! ಸೋಸಿದ ನೀರಾಗಿದ್ರೆ ಬರಬೇಕಿತ್ತು!"

"ಸೋಪು ಸರಿಯಿಲ್ಲ, ಮೇಡಂ! ಹಳೇ ಸ್ಟಾಕು!" ಎಂದ ಕಂಟ್ರಾಕ್ಟರ್.

ಮೇಡಂ ಡ್ರೈವರನ ಕಡೆ ನೋಡಿದರು. ಅವನು ಕಾರಿನಿಂದ ಅವರು ಕುಡಿಯುವ ನೀರಿನ ಬಾಟಲಿ ತಂದ. ಸೀಲಣ್ಣನ ಕೈಗೆ ಸುರಿದ. ಅದೇ ಸೋಪು, ಅದೇ ಕೈ. ಎರಡು ಸಲ ತಿಕ್ಕುವಷ್ಟರಲ್ಲಿ ನೊರೆ ಬುಸುಬುಸು ಎದ್ದು, ಬೆರಳು ಮುಚ್ಚಿ, ಮಣಿಕಟ್ಟು ದಾಟಿ, ಕೆಳಗೆ ಮೇಡಂ ಚಪ್ಪಲಿಯ ಮೇಲೆ ಬಿತ್ತು.

"ಮಷೀನು ಬಿಚ್ಚಿ" ಎಂದರು ಮೇಡಂ.

ಪುರಸಭೆಯ ಮೆಕ್ಯಾನಿಕ್ ಬಿಳಿ ಕೊಳವೆಯ ಮುಚ್ಚಳ ತೆಗೆದ. ಒಳಗೆ ನೀರು ಸೋಸುವ ಸುರುಳಿ ಇರಬೇಕಿತ್ತು. ಅವನು ಒಂದು ಬದಿಯಿಂದ ಕಣ್ಣಿಟ್ಟು ನೋಡಿದ. ಇನ್ನೊಂದು ಬದಿಯಲ್ಲಿ ಭಾವಮೈದುನನ ಕಣ್ಣು ಕಾಣಿಸಿತು. ಮಷೀನಿನ ಹಿಂದೆ ಹೋಗಿ ನೋಡಿದರೆ, ಬೋರಿನಿಂದ ಬಂದ ಪೈಪು ಮಷೀನಿಗೆ ದೂರದಿಂದಲೇ ನಮಸ್ಕಾರ ಹಾಕಿ ನೇರವಾಗಿ ನಾಲ್ಕು ನಲ್ಲಿಗಳಿಗೆ ಹೋಗಿತ್ತು. ಹಸಿರು ದೀಪ ತನ್ನ ಪಾಡಿಗೆ ಉರಿಯುತ್ತಿತ್ತು. ಮೋಟಾರು ಶ್ರದ್ಧೆಯಿಂದ ಗಾಳಿ ತಿರುಗಿಸುತ್ತಿತ್ತು.

"ಸುರುಳಿಗಳೆಲ್ಲಿ?"

"ಬಂದಿವೆ ಮೇಡಂ, ಬಂದಿವೆ! ಜೋಡಿಸೋಕೆ ಟೈಮ್ ಸಾಲಲಿಲ್ಲ, ಸೋಮವಾರ ಅಂತ ನೀವೇ ಅಂದ್ರಿ..." ಎನ್ನುತ್ತ ಕಂಟ್ರಾಕ್ಟರ್ ಬಿಳಿ ಬಟ್ಟೆಯ ಮೇಜಿಗೆ ಒರಗಿದ. ಬಟ್ಟೆ ಜಾರಿತು. ಅದು ಮೇಜೇ ಅಲ್ಲ. ಅಂಟು ಪಟ್ಟಿ ಕೂಡ ಬಿಚ್ಚದ ದೊಡ್ಡ ರಟ್ಟಿನ ಪೆಟ್ಟಿಗೆ. ಮೇಲೆ ಕೆಂಪಕ್ಷರದಲ್ಲಿ 'ಸೋಸುವ ಸುರುಳಿ, ಜೋಪಾನ' ಎಂದು ಬರೆದಿತ್ತು. ಜೋಪಾನವಾಗಿಯೇ ಇಟ್ಟಿದ್ದ.

ಸೀಲಣ್ಣ ನೊರೆಯ ಕೈಯಲ್ಲೇ ಮೇಡಂ ಬಳಿ ಹೋದ. ಇನ್ನು ತಡೆಯಲಾಗಲಿಲ್ಲ. "ಬೇಡಂ, ತಪ್ಪಾಯ್ತು. ನಾನು ಲ್ಯಾಬಲ್ಲ. ಸ್ಟಾಂಪ್ ಮಾಡೋನು. ನನಗೆ ರುಚಿಗಿಚಿ ಏನೂ ಗೊತ್ತಾಗಲ್ಲ. ಇವತ್ತಂತೂ ನೆಗಡಿ, ಮೂಗೂ ಇಲ್ಲ, ನಾಲಿಗೇನೂ ಇಲ್ಲ."

ಮೇಡಂ ಬಾಯಿ ತೆರೆಯುವ ಮೊದಲೇ ಭಾವಮೈದುನ ಕೂಗಿದ, "ಕೇಳಿದ್ರಾ? ಪಕ್ಷಪಾತ ಆಗಬಾರದು ಅಂತ ನಾಲಿಗೆ ಕಟ್ಟಿಹಾಕ್ಕೊಂಡು ಬಂದಿದ್ದಾರೆ! ಬರೀ ಕೈಯಲ್ಲಿ ಕಂಡುಹಿಡಿದ್ರು!" ಚಪ್ಪಾಳೆ ಮುಗಿಯಲು ಬಹಳ ಹೊತ್ತು ಬೇಕಾಯಿತು. ಅಲ್ಲಿ ನಿಜ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಮೇಡಂ. ಅವರು ನಗು ತಡೆದುಕೊಂಡು ಚಪ್ಪಲಿಯ ನೊರೆ ನೋಡುತ್ತಿದ್ದರು. ಇನ್ನೊಬ್ಬಳು, ತಮ್ಮನ ಜೊತೆ ಬಂದು ನಿಂತಿದ್ದ ಹೆಂಡತಿ. ಗಂಡ ನಿಜ ಹೇಳಿಯೂ ಸಿಕ್ಕಿಬೀಳದ್ದನ್ನು ಅವಳು ಅಂದೇ ಮೊದಲು ನೋಡಿದ್ದು.

ಕಂಟ್ರಾಕ್ಟರನಿಗೆ ಹದಿನೈದು ದಿನದ ಗಡುವು ಸಿಕ್ಕಿತು. ಟೀಚರಮ್ಮ ದಿನವೂ ಮನೆಯಿಂದ ಕುರ್ಚಿ ತರಿಸಿಕೊಂಡು ಘಟಕದ ಬಾಗಿಲಲ್ಲಿ ಕೂತರು. ಕಂಟ್ರಾಕ್ಟರ್ ಒಂದೊಂದು ನಟ್ಟು ಬಿಗಿಸಿದಾಗಲೂ ಅವರ ಕಡೆ ನೋಡುತ್ತಿದ್ದ. ಅವರು ತಲೆ ಆಡಿಸಿದ ಮೇಲೆಯೇ ಮುಂದಿನ ನಟ್ಟು. ನೀರು ದೊಡ್ಡ ಊರಿನ ನಿಜವಾದ ಲ್ಯಾಬಿಗೆ ಹೋಗಿ ಬಂತು. ವರದಿಯನ್ನು ಪ್ರತಿ ವಾರ ಗೋಡೆಗೆ ಅಂಟಿಸಬೇಕೆಂದು ಮೇಡಂ ಆದೇಶ ಮಾಡಿದರು. ಮೊದಲ ವರದಿಯನ್ನು ಟೀಚರಮ್ಮ ಸಾಲುಸಾಲಾಗಿ ಗಟ್ಟಿಯಾಗಿ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. 'ಕುಡಿಯಲು ಯೋಗ್ಯ.'

ಈ ಸಲ ಸೀಲಣ್ಣನ ಮೂಗು ಚೆನ್ನಾಗಿತ್ತು. ಮೊದಲ ಲೋಟ ಅವನಿಗೇ ಎಂದು ಜನ ಹಟ ಹಿಡಿದರು. ಕುಡಿದ. ಕಣ್ಣು ಮುಚ್ಚಿದ. ಮತ್ತೆ ಕುಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಏನೂ ರುಚಿ ಇಲ್ಲ" ಎಂದ.

ಕಂಟ್ರಾಕ್ಟರ್ ಗೋಡೆ ಹಿಡಿದುಕೊಂಡ.

"ಉಪ್ಪಿಲ್ಲ, ಕಹಿಯಿಲ್ಲ, ಏನೇನೂ ಇಲ್ಲ!" ಸೀಲಣ್ಣ ಲೋಟ ಮತ್ತೆ ಚಾಚಿದ. "ಇನ್ನೊಂದು ಕೊಡಿ!"

ಟೀಚರಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಜೋರಾಗಿ ನಕ್ಕರು. ಜನ ನಲ್ಲಿಗಳ ಮೇಲೆ ಮುಗಿಬಿದ್ದರು. ಕಂಟ್ರಾಕ್ಟರನೂ ಒಂದು ಕ್ಯಾನ್ ಹಿಡಿದು ಮೆಲ್ಲಗೆ ಮುಂದೆ ನುಗ್ಗಿದ. ಟೀಚರಮ್ಮ ನಗು ನಿಲ್ಲಿಸದೆಯೇ, "ಸಾಲು ಅಲ್ಲಿಂದ ಶುರು" ಎಂದು ಬಸ್ ನಿಲ್ದಾಣದ ಕಡೆ ಕೈ ತೋರಿಸಿದರು.

ಸೀಲಣ್ಣ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿ ಹೆಗಲಿಗೇರಿಸಿದ. ಸಿಮೆಂಟ್ ಅಂಗಡಿಯವರು ಗಾಡಿಯಲ್ಲಿ ಬಿಡುತ್ತೇನೆಂದರೂ ಒಪ್ಪಲಿಲ್ಲ. ಟೈಲರ್ ಅಂಗಡಿಯ ಮುಂದಿನಿಂದ ಹೋದ. ಮಾರುಕಟ್ಟೆಯನ್ನು ಎರಡು ಸಲ ಸುತ್ತಿದ. ಮಾತಾಡಿಸಿದವರಿಗೆಲ್ಲ ನಿಂತು ಉತ್ತರ ಕೊಟ್ಟ, ಕೇಳದವರಿಗೂ ಕೊಟ್ಟ. ಹತ್ತು ನಿಮಿಷದ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ಮನೆಯ ಬಾಗಿಲಲ್ಲಿ ಹೆಂಡತಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಎಲ್ಲಿಗೆ ಹೋಗಿದ್ರಿ ಇಷ್ಟು ಹೊತ್ತು?"

"ನೀರು ತರೋಕೆ" ಎಂದ ಸೀಲಣ್ಣ. ಹೆಗಲು ಬದಲಾಯಿಸಿ, ಎದುರು ಮನೆಯ ಕಿಟಕಿಗೂ ಕೇಳಲಿ ಎಂದು ಮತ್ತೊಮ್ಮೆ ಹೇಳಿದ, "ನೀರು ತರೋಕೆ ಕಣೇ!"